ಭೀಮುನಿಪಟ್ಟಣದಲ್ಲಿ ಊಟ, ಟೀವಿಯಲ್ಲಿ ಮದುವೆ

ಮುಂದೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. ನನ್ನ ಮೈಮೇಲೆ ದೇವರು ಬರುವುದಿಲ್ಲ, ನಾನು ಕವಡೆ ಹಾಕುವವಳಲ್ಲ, ಪಂಚಾಂಗ ಓದುವಷ್ಟು ಅಕ್ಷರವೂ ನನಗೆ ಬರುವುದಿಲ್ಲ. ಆದರೂ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಸುಗುಣಳ ಗತಿ ಮುಂದೇನು ಅಂತ ಖಚಿತವಾಗಿ ಹೇಳಬಲ್ಲವಳು ನಾನೊಬ್ಬಳೇ ಆಗಿದ್ದೆ. ಸುಗುಣ ನನ್ನ ಸೊಸೆಯಲ್ಲ, ನೆಂಟರ ಪೈಕಿಯೂ ಅಲ್ಲ. ಧಾರಾವಾಹಿಯ ಹುಡುಗಿ.

ಈ ವಿದ್ಯೆ ನನಗೆ ಬಂದದ್ದು ವಿಜಯವಾಡದಲ್ಲಿ. ನನ್ನ ಮಗ ಮಂಜುನಾಥ ಬ್ಯಾಂಕಿನಲ್ಲಿ ಆಫೀಸರು. ಬ್ಯಾಂಕಿನವರು ಅವನನ್ನು ತುಮಕೂರಿನಿಂದ ಎತ್ತಿ ವಿಜಯವಾಡಕ್ಕೆ ಹಾಕಿದರು. ಅಲ್ಲಿನ ಬಿಸಿಲಿನಲ್ಲಿ ಮೂರು ವರ್ಷ ಬೇಯಿಸಿ, ಹದಕ್ಕೆ ಬಂದಿದ್ದಾನೆ ಅನ್ನಿಸಿದ ಮೇಲೆ ವಿಶಾಖಪಟ್ಟಣಕ್ಕೆ ಬಡಿಸಿದರು. ಅವನ ಜೊತೆ ಅವನ ಹೆಂಡತಿ ಸುಮಾ, ಸುಮಾಳ ಜೊತೆ ಮಿಕ್ಸಿ, ವಾಷಿಂಗ್ ಮೆಷಿನ್ನು, ಗೋಡೆ ಗಡಿಯಾರ. ಕೊನೆಗೆ ನಾನು.

ವಿಜಯವಾಡದಲ್ಲಿ ನಮ್ಮ ಮನೆ ಮಹಡಿ ಮೇಲಿತ್ತು. ಕೆಳಗೆ ಮನೆಯ ಒಡತಿ ಕನಕಮ್ಮ. ನನ್ನದೇ ವಯಸ್ಸು, ನನ್ನದೇ ಬಾಯಿ. ಮೊದಲ ದಿನವೇ ನನ್ನನ್ನು ವದಿನಾ ಅಂತ ಕರೆದಳು. ತೆಲುಗಿನಲ್ಲಿ ಅತ್ತಿಗೆ ಅಂತ. ನಾನೂ ವದಿನಾ ಅಂದೆ. ಇಬ್ಬರೂ ಅತ್ತಿಗೆಯಾದರೆ ನಾದಿನಿ ಯಾರು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ಒಂದು ಸಂಜೆ ಅವಳ ಮನೆಯಲ್ಲಿ ತೆಲುಗು ಧಾರಾವಾಹಿ ನೋಡುತ್ತಾ ಕೂತಿದ್ದೆ. ಅತ್ತೆಯಾದವಳು ಅತ್ತಿತ್ತ ನೋಡಿ, ಸೊಸೆಯಾಗಬೇಕಾದ ಹುಡುಗಿ ಮಾಡಿಟ್ಟ ಪಾಯಸಕ್ಕೆ ಒಂದು ಹಿಡಿ ಉಪ್ಪು ಸುರಿದಳು. ನನಗೆ ಎಲ್ಲೋ ನೋಡಿದ ಹಾಗಾಯಿತು. ಎಲ್ಲೋ ಏನು ಬಂತು, ಐದು ತಿಂಗಳ ಹಿಂದೆ ಮಹಡಿ ಮೇಲೆ ನಮ್ಮ ಟೀವಿಯಲ್ಲಿ, ಕನ್ನಡದಲ್ಲಿ ಇದೇ ಪಾಯಸ, ಇದೇ ಉಪ್ಪು! ಅತ್ತೆಯ ಸೀರೆ ಬೇರೆ, ಹುಬ್ಬು ಅದೇ. ನಾನು ಸುಮ್ಮನಿರಲಾರದೆ ಹೇಳಿದೆ, "ಈಗ ಮಾವ ಬಂದು ಅದನ್ನ ಕುಡೀತಾನೆ. ಕುಡಿದು, ಇಂಥಾ ಪಾಯಸ ನಾನು ಜನ್ಮದಲ್ಲಿ ಕುಡಿದಿರ್ಲಿಲ್ಲ ಅಂತಾನೆ."

ಮಾವ ಬಂದ. ಕುಡಿದ. ಅಂದ.

ಕನಕಮ್ಮ ಬಿಡಿಸುತ್ತಿದ್ದ ಗೋಂಗೂರ ಸೊಪ್ಪನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ನಲವತ್ತು ವರ್ಷ ಸಂಸಾರ ಮಾಡಿದ ನನ್ನ ಗಂಡ ಒಂದು ದಿನವೂ ನನ್ನನ್ನು ಹಾಗೆ ನೋಡಿರಲಿಲ್ಲ.

ವಿಷಯ ಇಷ್ಟೇ. ಧಾರಾವಾಹಿ ಮೊದಲು ಕನ್ನಡದಲ್ಲಿ ಬರುತ್ತದೆ. ಅದೇ ಕತೆಯನ್ನು ಬೇರೆ ಜನರನ್ನು ಹಾಕಿ ತೆಲುಗಿನಲ್ಲಿ ಮಾಡುತ್ತಾರೆ, ಅದು ಐದು ತಿಂಗಳು ಹಿಂದಿರುತ್ತದೆ. ಹುಡುಗಿಯ ಹೆಸರು ಕನ್ನಡದಲ್ಲಿ ಸುಗುಣ, ತೆಲುಗಿನಲ್ಲಿ ಸುವರ್ಚಲ. ನಾನು ಇಬ್ಬರಿಗೂ ಸುಗುಣ ಅಂತಲೇ ಹೇಳುತ್ತೇನೆ. ಸುವರ್ಚಲ ಅನ್ನುವುದಕ್ಕೆ ನನ್ನ ನಾಲಿಗೆಗೆ ಬಹಳ ಹೊತ್ತು ಹಿಡಿಯುತ್ತದೆ.

ವಿಶಾಖಪಟ್ಟಣಕ್ಕೆ ಬಂದ ಮೇಲೆ ನನ್ನ ವಿದ್ಯೆಗೆ ನಿಜವಾದ ಬೆಲೆ ಬಂತು. ಎದುರು ಬಾಗಿಲಿನ ಸತ್ಯವತಿಯ ಮನೆಯ ಹಾಲಿನಲ್ಲಿ ದೊಡ್ಡ ಟೀವಿ ಇದೆ. ಸಂಜೆ ಏಳಕ್ಕೆ ಹನ್ನೊಂದು ಜನ ಹೆಂಗಸರು ಅಲ್ಲಿ ಸೇರುತ್ತಾರೆ. ನಾನು ಎರಡನೇ ವಾರದಲ್ಲೇ ಒಂದು ಮಾತು ಹೇಳಿದೆ, ಸುಗುಣಳ ಕಳೆದುಹೋದ ಬಳೆ ತುಳಸಿಕಟ್ಟೆಯಲ್ಲಿ ಸಿಗುತ್ತದೆ ಅಂತ. ಸಿಕ್ಕಿತು. ಮಾರನೇ ದಿನದಿಂದ ನನಗೆ ಅಲ್ಲಿ ಒಂದು ಬೆತ್ತದ ಕುರ್ಚಿ. ಬೆನ್ನಿಗೆ ದಿಂಬು, ತಲೆಯ ಮೇಲೆ ಸರಿಯಾಗಿ ಫ್ಯಾನು, ಮೊದಲ ಲೋಟ ಕಾಫಿ ನನಗೇ. ಎಲ್ಲರೂ ಮಾಮ್ಮಗಾರು ಅನ್ನುತ್ತಿದ್ದರು. ಅಜ್ಜಿ ಅನ್ನುವುದನ್ನು ಅವರು ಅಷ್ಟು ಮರ್ಯಾದೆಯಿಂದ ಹೇಳುತ್ತಾರೆ.

ನಮ್ಮ ಮನೆಯಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಎರಡೇ. ಮಾತ್ರೆ ನುಂಗಿದೆಯಾ? ಕನ್ನಡಕ ಎಲ್ಲಿಟ್ಟೆ? ಎದುರು ಮನೆಯಲ್ಲಾದರೆ ಹನ್ನೊಂದು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಕುರ್ಚಿ ಕಳೆದುಕೊಳ್ಳುವುದಕ್ಕಿಂತ ಒಂದು ಹಲ್ಲು ಕಳೆದುಕೊಳ್ಳಬಹುದು ಅನ್ನಿಸುತ್ತಿತ್ತು. ಇರುವುದೇ ಆರು.

ನಾನು ಭವಿಷ್ಯ ಮಾತ್ರ ಹೇಳುತ್ತಿದ್ದೆ ಅಂತಲ್ಲ, ಸಲಹೆಯನ್ನೂ ಕೊಡುತ್ತಿದ್ದೆ. ಹೊಸ ಧಾರಾವಾಹಿ ಶುರುವಾದರೆ ಮೂರು ದಿನ ನೋಡಿ ತೀರ್ಪು ಕೊಡುವುದು. ಕೂತು ನೋಡುವಂಥದ್ದು, ಅವರೆಕಾಯಿ ಸುಲಿಯುತ್ತಾ ನೋಡುವಂಥದ್ದು, ಆ ಹೊತ್ತಿಗೆ ಸ್ನಾನಕ್ಕೆ ಹೋಗಬೇಕಾದ್ದು, ಹೀಗೆ ವಿಂಗಡಣೆ. ಈ ಊರಲ್ಲಿರುವ ಕನ್ನಡದ ಹೆಂಗಸರದು, ಬ್ಯಾಂಕಿನವರದು, ನೌಕಾಪಡೆಯವರದು, ಫೋನಿನಲ್ಲಿ ಒಂದು ಗುಂಪು ಇದೆ. ಅವರು ಅಲ್ಲಿ ಯಾವ ಧಾರಾವಾಹಿ ಹೇಗಿದೆ ಅಂತ ಉದ್ದುದ್ದ ಬರೆಯುತ್ತಾರೆ. ನನಗೆ ಬರೆಯಲು ಕಷ್ಟ, ಆದ್ದರಿಂದ ಗುಂಡಿ ಒತ್ತಿಕೊಂಡು ಮಾತಾಡಿ ಕಳಿಸುತ್ತೇನೆ. "ಆ ಡಾಕ್ಟರ ಪಾತ್ರದೋನು ಎಲ್ಲಾ ರೋಗಕ್ಕೂ ಒಂದೇ ಮುಖ ಮಾಡ್ತಾನೆ, ಬಿಟ್ಬಿಡಿ." ಇಷ್ಟೇ ನನ್ನ ಅಭಿಪ್ರಾಯ. ಒಬ್ಬಳು ಅದನ್ನು ಕೇಳಿ, ನೋಡುತ್ತಿದ್ದ ಧಾರಾವಾಹಿಯನ್ನು ಅರ್ಧಕ್ಕೇ ಬಿಟ್ಟಳಂತೆ. ಬಿಟ್ಟು ಹೊಲಿಗೆ ಕಲಿತಳಂತೆ. ಸಮಾಜ ಸೇವೆ ಇನ್ನು ಹೇಗಿರುತ್ತದೆ?

ಸುಮಾಗೆ ಇದು ಹಿಡಿಸುತ್ತಿರಲಿಲ್ಲ. ಒಂದು ದಿನ ಕೇಳಿದಳು, "ಅತ್ತೆ, ನೀವು ಮುಂಚೇನೇ ಕತೆ ಹೇಳಿಬಿಟ್ರೆ ಅವ್ರಿಗೆ ಏನ್ ಮಜಾ ಉಳೀತು?"

"ಮಜಾ ಅವ್ರಿಗಲ್ಲ ಕಣೆ, ನಂಗೆ."

ಆ ಹನ್ನೊಂದು ಜನರಲ್ಲಿ ನನಗೆ ಬಗ್ಗದವರು ಒಬ್ಬರಿದ್ದರು. ನಾಲ್ಕನೇ ಮಹಡಿಯ ಟೀಚರಮ್ಮ. ಶಾಲೆಯಿಂದ ನಿವೃತ್ತರಾಗಿದ್ದರೂ ತಪ್ಪು ಹುಡುಕುವುದರಿಂದ ನಿವೃತ್ತರಾಗಿರಲಿಲ್ಲ. ನಾನು ಏನು ಹೇಳಿದರೂ ಕನ್ನಡಕದ ಮೇಲಿನಿಂದ ನೋಡಿ, ನಿಮ್ಮ ಕನ್ನಡದಲ್ಲಿ ಆದದ್ದೆಲ್ಲ ನಮ್ಮ ತೆಲುಗಿನಲ್ಲಿ ಆಗಲೇಬೇಕು ಅಂತ ಏನಿದೆಯಂಡಿ ಅನ್ನುತ್ತಿದ್ದರು. ಆದರೆ ಪ್ರತಿ ಸಲವೂ ಆಗುತ್ತಿತ್ತು. ಟೀಚರಮ್ಮ ಕಾಫಿ ಲೋಟದ ತಳ ನೋಡುತ್ತಿದ್ದರು. ನಾನು ದಿಂಬು ಸರಿ ಮಾಡಿಕೊಳ್ಳುತ್ತಿದ್ದೆ.

ಇನ್ನು ಈ ಊರಿನ ಅಂಗಡಿ ಬೀದಿ ದ್ವಾರಕಾ ನಗರದ ವಿಷಯ ಹೇಳಬೇಕು. ದಸರೆಗೆ ಮುಂಚೆ ಸುಮಾ ರವಿಕೆ ಬಟ್ಟೆ ತರಲು ಅಲ್ಲಿಗೆ ಹೊರಟಳು, ನಾನೂ ಹೋದೆ. ಬಟ್ಟೆ ಅಂಗಡಿಯ ಮುಂದೆ ಶಾಮಿಯಾನ ಹಾಕಿ, ಸುಗುಣಳ ಎತ್ತರದ ಫೋಟೋ ನಿಲ್ಲಿಸಿ, ಟೀವಿಯವರು ನೋಡುಗರ ಅಭಿಪ್ರಾಯ ಕೇಳುತ್ತಿದ್ದರು. ಮೈಕು ಹಿಡಿದ ಹುಡುಗಿಯ ಮುಂದೆ ಹೆಂಗಸರು ಸಾಲಾಗಿ ಬಂದು 'ಚಾಲಾ ಬಾಗುಂದಿ' ಅಂತ ಹೇಳಿ, ನಾಚಿ, ಹೋಗುತ್ತಿದ್ದರು. ಎಲ್ಲರೂ ಬಹಳ ಚೆನ್ನಾಗಿದೆ ಅಂದರೆ ಅದೊಂದು ಅಭಿಪ್ರಾಯವೇ? ನನಗೆ ತಡೆಯಲಾಗಲಿಲ್ಲ. ಸುಮಾ ನನ್ನ ಸೆರಗು ಹಿಡಿದಳು. ಸೆರಗು ಅವಳ ಕೈಯಲ್ಲಿ ಇದ್ದ ಹಾಗೇ ನಾನು ಮೈಕು ತಲುಪಿದೆ.

ಅರ್ಧ ತೆಲುಗು, ಅರ್ಧ ತುಮಕೂರು. ಆದರೆ ಹೇಳಬೇಕಾದ್ದನ್ನು ಹೇಳಿದೆ. "ನೋಡಮ್ಮ, ಮದುವೆ ಮಂಟಪಕ್ಕೆ ಪೊಲೀಸರನ್ನ ಕರೀಬೇಡಿ. ನಮ್ ಕನ್ನಡದಲ್ಲಿ ಕರೆದ್ರು. ತಾಳಿ ಕೈಯಲ್ಲಿ ಹಿಡ್ಕೊಂಡಿದ್ದ ಗಂಡನ್ನ ಎಳ್ಕೊಂಡು ಹೋದ್ರು. ಆಮೇಲೆ ಮೂರು ವಾರ ಎಲ್ರೂ ಠಾಣೆ ಬೆಂಚಿನ ಮೇಲೆ ಕೂತು ಅತ್ರು. ಆ ಬೆಂಚು ನೋಡಿ ನೋಡಿ ನಮಗೆ ಸೊಂಟ ನೋವು ಬಂತು. ಹುಡುಗೀಗೂ ವಯಸ್ಸಾಗ್ತಾ ಐತೆ. ಸುಮ್ನೆ ಪೆಳ್ಳಿ ಚೇಸೆಯ್ಯಂಡಿ!"

ಮದುವೆ ಮಾಡಿ ಮುಗಿಸಿ ಅನ್ನುವ ಆ ಕೊನೆಯ ಮಾತನ್ನು ಅಚ್ಚ ತೆಲುಗಿನಲ್ಲೇ ಹೇಳಿದೆ. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಮೈಕಿನ ಹಿಂದೆ ನಿಂತಿದ್ದ ದಪ್ಪ ಕನ್ನಡಕದ ಗಂಡಸೊಬ್ಬ ನಕ್ಕು, ಪುಸ್ತಕದಲ್ಲಿ ಏನೋ ಬರೆದುಕೊಂಡ. ನನ್ನ ಹೆಸರಿರಬೇಕು ಅಂದುಕೊಂಡೆ. ಸುಮಾ ಅಷ್ಟು ಹೊತ್ತಿಗೆ ಅಂಗಡಿಯ ಬಾಗಿಲಲ್ಲಿ ಸೀರೆ ಉಡಿಸಿ ನಿಲ್ಲಿಸಿದ್ದ ಗೊಂಬೆಯ ಹಿಂದೆ ನಿಂತು, ತಾನೂ ಒಂದು ಗೊಂಬೆಯಾಗಿದ್ದಳು.

ನಾನು ಟೀವಿಯಲ್ಲಿ ಬರುತ್ತೇನೆ ಅಂತ ಸತ್ಯವತಿಯ ಹಾಲಿನಲ್ಲಿ ಪ್ರಕಟಣೆ ಹೊರಡಿಸಿದೆ. ಹತ್ತು ದಿನ ಕಾದೆವು. ಬೇರೆ ಬೇರೆ ಹೆಂಗಸರು ಬಂದು ಬಾಗುಂದಿ ಬಾಗುಂದಿ ಅಂದು ಹೋದರು, ನಾನು ಬರಲಿಲ್ಲ. ಟೀಚರಮ್ಮ ದಿನಾ ಸಂಜೆ ಬಹಳ ವಿನಯದಿಂದ, ಇವತ್ತು ಬರುತ್ತೀರಾ ಮಾಮ್ಮಗಾರು ಅಂತ ಕೇಳುತ್ತಿದ್ದರು. ನಾನು ಆ ವಿಷಯ ಅಲ್ಲಿಗೇ ಬಿಟ್ಟೆ. ಮರೆತೂಬಿಟ್ಟೆ.

ಕಾರ್ತಿಕ ಮಾಸ ಬಂತು. ಕಾರ್ತಿಕ ಬಂದರೆ ಈ ಕಡೆಯವರಿಗೆ ಮನೆಯಲ್ಲಿ ಊಟ ಸೇರುವುದಿಲ್ಲ. ಯಾವುದಾದರೂ ತೋಟಕ್ಕೆ ಹೋಗಿ ನೆಲ್ಲಿಮರದ ಕೆಳಗೆ ಎಲೆ ಹಾಕಿಕೊಂಡು ಎಲ್ಲರೂ ಒಟ್ಟಿಗೆ ಉಣ್ಣಬೇಕು. ವನಭೋಜನ ಅನ್ನುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಭೀಮುನಿಪಟ್ಟಣದ ಹತ್ತಿರ ಒಂದು ತೋಟ ಗೊತ್ತುಮಾಡಿದರು. ಅದು ಖಾಲಿ ಇದ್ದದ್ದು ಒಂದೇ ಭಾನುವಾರ. ಆ ಭಾನುವಾರವೇ ಮಧ್ಯಾಹ್ನ ಹನ್ನೆರಡರಿಂದ ಟೀವಿಯಲ್ಲಿ ಸುಗುಣಳ ಮದುವೆಯ ಮಹಾ ಸಂಚಿಕೆ! ಮೂರು ಗಂಟೆ ಕಾಲ. ನಡುನಡುವೆ ಪ್ರಶ್ನೆ ಕೇಳುತ್ತಾರೆ, ಆ ಕ್ಷಣವೇ ಫೋನು ಮಾಡಿ ಸರಿ ಉತ್ತರ ಹೇಳಿದವರಿಗೆ ಸುಗುಣ ಉಟ್ಟಂಥದ್ದೇ ರೇಷ್ಮೆ ಸೀರೆ.

ಹಾಲಿನಲ್ಲಿ ದೊಡ್ಡ ಸಭೆ ಸೇರಿತು. ವನಭೋಜನ ಬಿಡುವುದೋ, ಮದುವೆ ಬಿಡುವುದೋ? ಒಂದೂವರೆ ವರ್ಷದಿಂದ ಆ ಹುಡುಗಿಯ ಮದುವೆಗೆ ಕಾದಿದ್ದ ಜನ ಅವರು. ನನ್ನ ಮಗ ಅದನ್ನು ಕೇಳಿ, ಆಮೇಲೆ ಫೋನಲ್ಲಿ ನೋಡಬಹುದಲ್ಲ ಅಂದಿದ್ದ. ಮದುವೆ ಮುಗಿದ ಮಾರನೇ ದಿನ ಹೋಗಿ ಖಾಲಿ ಚಪ್ಪರ ನೋಡಿಕೊಂಡು ಬರುವುದಕ್ಕೆ ಗಂಡಸರಿಗೆ ಬೇಜಾರಿಲ್ಲ.

ಕೊನೆಗೆ ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ಸತ್ಯವತಿ ಕೇಳಿಯೇಬಿಟ್ಟಳು, "ಮಾಮ್ಮಗಾರು, ನೀವು ಹೇಳಿ. ಆ ದಿನ ಮದುವೆ ಆಗುತ್ತಾ?"

ನಾನು ಕಾಫಿ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, ತೀರ್ಪು ಕೊಟ್ಟೆ. "ಆಗಲ್ಲ. ಪ್ರೋಮೋದಲ್ಲಿ ತಾಳಿ ಎತ್ತಿದ್ದು ತಾನೇ ತೋರಿಸ್ತಾ ಇರೋದು? ಕಟ್ಟಿದ್ದು ತೋರಿಸಿದ್ರಾ? ನಮ್ದರಲ್ಲೂ ಅಷ್ಟೇ ತೋರಿಸಿದ್ರು. ತಾಳಿ ಎತ್ತುತ್ತಾನೆ, ಪೊಲೀಸರು ಬರ್ತಾರೆ, ಮೂರು ವಾರ ಅಳು. ನಿಶ್ಚಿಂತೆಯಾಗಿ ಊಟಕ್ಕೆ ನಡೀರಿ."

ದ್ವಾರಕಾ ನಗರ ನನಗೆ ನೆನಪಾಗಲಿಲ್ಲವೇ ಅಂತ ನೀವು ಕೇಳಬಹುದು. ಇಲ್ಲ. ನನ್ನ ಈ ವಯಸ್ಸಿನ ತನಕ ನಾನು ಹೇಳಿದ್ದನ್ನು ಮನೆಯಲ್ಲಿ ಯಾರೂ ಮಾಡಿದವರಿಲ್ಲ. ಗಂಡ ಮಾಡಲಿಲ್ಲ, ಮಗ ಮಾಡಲಿಲ್ಲ, ಸೊಸೆಗೆ ಸಾರಿಗೆ ಉಪ್ಪು ಕಡಿಮೆ ಹಾಕು ಅಂದರೆ ಹುಳಿ ಕಡಿಮೆ ಹಾಕುತ್ತಾಳೆ. ಟೀವಿಯವರು ಮಾಡಿಬಿಡುತ್ತಾರೆ ಅಂತ ಯಾವ ಹೆಂಗಸಾದರೂ ಹೆದರಿಕೊಂಡು ಕೂರುತ್ತಾಳೆಯೇ?

ಟೀಚರಮ್ಮ ಮಾತ್ರ ತಾವು ಬರುವುದಿಲ್ಲ, ಮೊಣಕಾಲು ನೋವು ಅಂದರು. ಹಿಂದಿನ ದಿನ ಲಿಫ್ಟು ಕೆಟ್ಟಾಗ ನಾಲ್ಕು ಮಹಡಿ ಹತ್ತಿದ ಮೊಣಕಾಲು ಅದು.

ಅದೇ ವಾರ ವಿಜಯವಾಡದಿಂದ ಕನಕಮ್ಮ ಫೋನು ಮಾಡಿದಳು. ಅವಳ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆದ ಮೇಲೆ ಒಂದು ವಾರ ಟೀವಿ ಕಡೆ ತಿರುಗಿಯೂ ನೋಡಬಾರದು ಅಂತ ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಅವಳು ಎರಡು ತಿಂಗಳಿಂದ ಇವತ್ತು ನಾಳೆ ಅಂತ ಮುಂದೂಡುತ್ತಿದ್ದಳು. "ವದಿನಾ, ಯಾವ ವಾರ ಕಣ್ಣಿಲ್ಲದಿದ್ರೂ ನಡೆಯುತ್ತೆ ಹೇಳು" ಅಂದಳು. ನಾನು ಹಿಂದೆಮುಂದೆ ನೋಡದೆ ಈ ಶುಕ್ರವಾರವೇ ಮಾಡಿಸಿಬಿಡು, ಮೂರು ವಾರ ಬರೀ ಅಳುವುದಿದೆ, ಅದಕ್ಕೆ ಕಿವಿ ಸಾಕು ಅಂದೆ. ಅವಳ ಮಗ ನನ್ನ ಬಾಯಿಗೆ ಸಕ್ಕರೆ ಹಾಕಬೇಕು ಅಂದನಂತೆ. ಅವನು ಹೇಳಿ ಹೇಳಿ ಸೋತಿದ್ದ ಕೆಲಸ ನನ್ನ ಒಂದು ಮಾತಿಗೆ ಆಯಿತು.

ಭಾನುವಾರ ಬೆಳಿಗ್ಗೆ ಒಂದು ಸಣ್ಣ ಬಸ್ಸು ತುಂಬಾ ನಾವು ಹೊರಟೆವು. ಪಾತ್ರೆಗಳಲ್ಲಿ ಹುಳಿಯನ್ನದ ಪುಳಿಹೋರ, ಬದನೆಕಾಯಿಯ ಗುತ್ತಿ ವಂಕಾಯ, ಹೂರಣ ತುಂಬಿ ಕರಿದ ಪೂರ್ಣಂ ಬೂರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಮುಂದಿನ ಸೀಟಿನಲ್ಲಿ ನಾನು. ತೋಟ ಚೆನ್ನಾಗಿತ್ತು. ಮರಕ್ಕೆ ಪೂಜೆ ಮಾಡಿದರು, ಎಲೆ ಹಾಕಿದರು. ಎಲೆಯ ಮುಂದೆ ಕೂತ ಮೇಲೂ ಕೆಲವರು ಫೋನು ತೆಗೆದು ಸಿಗ್ನಲ್ ಹುಡುಕುತ್ತಿದ್ದರು. ನನ್ನ ಮಾತಿನ ಮೇಲೆ ನಂಬಿಕೆ ಇದ್ದರೂ ಕಣ್ಣಿಗೆ ನಂಬಿಕೆ ಇರಲಿಲ್ಲ. ನನಗೆ ಅವಮಾನವಾಯಿತು. ತರಕಾರಿ ತಂದಿದ್ದ ಒಂದು ಬಟ್ಟೆ ಚೀಲ ಹಿಡಿದು ಸಾಲಿನಲ್ಲಿ ಹೊರಟೆ. "ದೇವರ ಮರದ ಕೆಳಗೆ ಫೋನ್ ಯಾಕೆ? ಹಾಕಿ ಇದ್ರೊಳಗೆ." ಎಲ್ಲರ ಫೋನನ್ನೂ ಚೀಲಕ್ಕೆ ಹಾಕಿಸಿ, ಬಾಯಿ ಕಟ್ಟಿ, ಬಸ್ಸಿನಲ್ಲಿ ನನ್ನ ಸೀಟಿನ ಕೆಳಗಿಟ್ಟು ಬಂದೆ.

ಹೀಗೆ, ನಡೆಯುತ್ತಿರುವುದು ಯಾರಿಗೂ ತಿಳಿಯದ ಹಾಗೆ ಪೂರ್ತಿ ಬಂದೋಬಸ್ತು ಮಾಡಿದವಳು ನಾನೇ.

ಊಟವಾಯಿತು. ಹಾಡಿದರು. ನನಗೆ ಎರಡು ಬೂರೆ ಜಾಸ್ತಿ ಹಾಕಿದರು. ಸತ್ಯವತಿ ಎಲ್ಲರ ಮುಂದೆ, ಮಾಮ್ಮಗಾರು ಇಲ್ಲದಿದ್ದರೆ ಇವತ್ತು ಮನೆಯಲ್ಲೇ ಕೂತು ಪೊಲೀಸರನ್ನು ನೋಡುತ್ತಿದ್ದೆವು ಅಂದಳು. ನಾನು ಆ ಬೂರೆಗಳನ್ನು ಬಹಳ ಗಂಭೀರವಾಗಿ ತಿಂದೆ.

ನಾಲ್ಕು ಗಂಟೆಗೆ ಬಸ್ಸು ವಾಪಸು ಹೊರಟಿತು. ಚೀಲ ಬಿಚ್ಚಿ ಫೋನುಗಳನ್ನು ಹಂಚಿದೆ. ಎರಡು ಮೈಲಿ ಏನೂ ಇಲ್ಲ. ಒಂದು ತಿರುವು ದಾಟಿದ್ದೇ ತಡ, ಒಂದು ಫೋನು ಟಿಣ್ ಅಂದಿತು. ಇನ್ನೊಂದು ಅಂದಿತು. ಆಮೇಲೆ ಬಸ್ಸಿನಲ್ಲಿ ಮಂಗಳಾರತಿ ಆಗುತ್ತಿರುವ ಹಾಗೆ ಎಲ್ಲಾ ಒಟ್ಟಿಗೆ ಬಡಿದುಕೊಂಡವು. ಕಳಿಸಿದವರು ಟೀಚರಮ್ಮ.

ಮೊದಲನೆಯದು ಒಂದು ಫೋಟೋ. ಟೀವಿಯೊಳಗೆ ಸುಗುಣ, ಕತ್ತಿನಲ್ಲಿ ತಾಳಿ.

ಎರಡನೆಯದು ಟೀಚರಮ್ಮನ ಒಂದು ಸಾಲು. ಮದುಮಗ, ಮದುಮಗಳ ನಡುವೆ ಅಡ್ಡ ಬಟ್ಟೆ ಹಿಡಿದಿದ್ದವರಲ್ಲಿ ಎಡಗಡೆಯವರು ಯಾರು ಅಂತ ಟೀವಿಯಲ್ಲಿ ಕೇಳಿದರು, ನಾನು ಸರಿಯಾಗಿ ಹೇಳಿದೆ, ನನಗೆ ಸೀರೆ ಬಂತು ಅಂತ.

ಬಸ್ಸಿನಲ್ಲಿ ಎಲ್ಲರೂ ಒಂದೇ ಸಲ ನನ್ನ ಕಡೆ ತಿರುಗಿದರು. ನಾನಿನ್ನೂ ಸೋತಿರಲಿಲ್ಲ. ಟೀವಿಯವರು ಮೋಸ ಮಾಡಿದ್ದಾರೆ, ಒಳ್ಳೆಯ ಕತೆಯನ್ನು ಯಾರೋ ತಲೆಕೆಟ್ಟವರ ಮಾತು ಕೇಳಿ ಹಾಳು ಮಾಡಿದ್ದಾರೆ, ಅಂಥವರನ್ನು ಹಿಡಿದು ಕೇಳಬೇಕು ಅಂತ ಜೋರು ಮಾಡಿದೆ.

ಅಷ್ಟು ಹೊತ್ತಿಗೆ ಮೂರನೆಯದು ತೆರೆಯಿತು. ಅದು ವಿಡಿಯೋ. ಮಹಾ ಸಂಚಿಕೆ ಶುರುವಾಗುವಾಗಿನದು. ಮೊದಲು ಕೆಂಪು ಅಕ್ಷರ ಬಂತು. ಸತ್ಯವತಿ ಅದನ್ನು ಜೋರಾಗಿ ಓದಿದಳು, ಪ್ರೇಕ್ಷಕರ ಕೋರಿಕೆಯ ಮೇರೆಗೆ ಅಂತ. ಆಮೇಲೆ ಪರದೆಯ ಮೇಲೆ ಒಂದು ಮುಖ. ಬಾಯಿ ಅಗಲವಾಗಿ ತೆರೆದಿದೆ. ಅದರೊಳಗೆ ಆರು ಹಲ್ಲು. ಹಿಂದೆ ಒಂದು ಕೈ ಸೆರಗು ಹಿಡಿದು ಎಳೆಯುತ್ತಿದೆ.

"ಸುಮ್ನೆ ಪೆಳ್ಳಿ ಚೇಸೆಯ್ಯಂಡಿ!"

ಅಲ್ಲಿಂದ ನೇರವಾಗಿ ನಾದಸ್ವರ.

ಅವರು ಅದನ್ನು ಮೂರು ಸಲ ಹಾಕಿ ನೋಡಿದರು. ಮೂರು ಸಲವೂ ನಾನೇ ಇದ್ದೆ.

ಸತ್ಯವತಿ ಫೋನು ಮಡಿಲಲ್ಲಿಟ್ಟುಕೊಂಡು, ದನಿ ಏರಿಸದೆ ಹೇಳಿದಳು, "ಮಾಮ್ಮಗಾರು, ಮದುವೆ ಮಾಡಿ ಅಂತ ಅವರಿಗೆ ಹೇಳಿದಿರಿ. ಮದುವೆ ಆಗಲ್ಲ ಅಂತ ನಮಗೆ ಹೇಳಿದಿರಿ. ಇಬ್ಬರಿಗೂ ಒಂದೇ ಮಾತು ಹೇಳಬಹುದಿತ್ತಲ್ಲಂಡಿ?"

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಯಾರೂ ಬೈಯಲಿಲ್ಲ. ಎಲ್ಲರೂ ಕಿಟಕಿಯಾಚೆ ಸಮುದ್ರ ನೋಡತೊಡಗಿದರು. ನಾನು ಪುಳಿಹೋರದ ಖಾಲಿ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಅದರೊಳಗೆ ನೋಡಿದೆ.

ಸಾಲದು ಅಂತ ಆಗ ನನ್ನ ಫೋನು ಬಡಿದುಕೊಂಡಿತು. ವಿಜಯವಾಡ. ಮುಖ ಕಾಣುವ ಫೋನು. ಒತ್ತಿದೆ. ಒಂದು ಕಪ್ಪು ಕನ್ನಡಕ, ಅದರ ಕೆಳಗೆ ಕನಕಮ್ಮನ ಬಾಯಿ.

"ವದಿನಾ, ಆಪರೇಷನ್ ಚೆನ್ನಾಗಿ ಆಯಿತು. ಎಲ್ಲರೂ ಹಾಲಿನಲ್ಲಿ ಮದುವೆ ನೋಡುತ್ತಿದ್ದರು, ನಾನು ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಸೀರೆ ಯಾವ ಬಣ್ಣ ಅಂತ ಕೂಗಿ ಕೇಳಿದರೆ ಸೊಸೆ ಒಂದು ಹೇಳಿದಳು, ಮಗ ಒಂದು ಹೇಳಿದ. ಅದಕ್ಕೂ ಮುಂಚೆ ನಿನ್ನ ದನಿ ಕೇಳಿಸಿತು. ಔಷಧಿಗೆ ತಲೆ ಕೆಟ್ಟಿದೆ, ಕಣ್ಣಿಗೆ ಕೊಯ್ದು ಕಿವಿ ಹಾಳು ಮಾಡಿದ್ದಾರೆ ಅಂತ ಡಾಕ್ಟರಿಗೆ ಫೋನು ಮಾಡಿಸಿದೆ."

ನಾನು ಏನಾದರೂ ಹೇಳಬೇಕಲ್ಲ ಅಂತ, ಕಣ್ಣು ಹೇಗಿದೆ ಅಂದೆ.

"ಚೆನ್ನಾಗಿದೆ. ಇನ್ನೊಂದು ಕಣ್ಣಿಗೂ ಪೊರೆ ಇದೆ. ಅದನ್ನು ಯಾವಾಗ ಮಾಡಿಸಬೇಕು ಅಂತ ಮಾತ್ರ ನಿನ್ನನ್ನು ಕೇಳುವುದಿಲ್ಲ."

ಬಸ್ಸಿನಲ್ಲಿದ್ದವರೆಲ್ಲ ಇದನ್ನು ಕೇಳಿಸಿಕೊಂಡರು. ಎಂವಿಪಿ ಕಾಲೋನಿ ಬರುವ ತನಕ ಸಮುದ್ರ ಮುಗಿಯಲೇ ಇಲ್ಲ.

ಮನೆಯಲ್ಲಿ ಮಗ ಬಾಗಿಲಲ್ಲೇ ನಿಂತಿದ್ದ. "ಅವ್ವ, ನಮ್ ಮ್ಯಾನೇಜರ್ ಫೋನ್ ಮಾಡಿದ್ರು. ಟೀವೀಲಿ ಬಂದಿದ್ದು ನಿಮ್ ತಾಯೀನಾ ಅಂತ ಕೇಳಿದ್ರು."

"ಏನಂದೆ?"

"ಅಲ್ಲ ಅಂದೆ."

"ಒಳ್ಳೇದಾಯ್ತು" ಅಂದು ಒಳಗೆ ಹೋಗಿ ಮಾತ್ರೆ ನುಂಗಿದೆ. ಯಾರೂ ಕೇಳುವುದಕ್ಕೆ ಮುಂಚೆಯೇ. ಅಡುಗೆಮನೆಯಿಂದ ಪಾತ್ರೆಗಳ ಸದ್ದಿನ ನಡುವೆ ಸುಮಾಳ ನಗು ಬಂತು. ಟೀವಿಯಲ್ಲಿ ಬಂದ ಕೈ ಅವಳದೇ ಅನ್ನುವ ವಿಷಯ ನಾನು ಅವಳಿಗೆ ಹೇಳಲಿಲ್ಲ. ನಾಳೆ ಅವಳ ಗೆಳತಿಯರೇ ಹೇಳಲಿ ಅಂತ ಬಿಟ್ಟೆ.

ಮಾರನೇ ದಿನ ಹೋಗುವುದೋ ಬೇಡವೋ ಅಂತ ಏಳು ಗಂಟೆಗೆ ಐದು ನಿಮಿಷ ಇರುವ ತನಕ ಯೋಚಿಸಿದೆ. ಏಳು ಹೊಡೆಯಿತು, ಎದುರು ಮನೆಯಿಂದ ಧಾರಾವಾಹಿಯ ಹಾಡು ಕೇಳಿಸಿತು. ಕಾಲು ತಾನಾಗಿಯೇ ಹೋಯಿತು, ನಾನು ಅದರ ಹಿಂದೆ ಹೋದೆ. ಬೆತ್ತದ ಕುರ್ಚಿಯಲ್ಲಿ ಟೀಚರಮ್ಮ ಕೂತಿದ್ದರು. ದಿಂಬು, ಫ್ಯಾನು, ಮೊದಲ ಕಾಫಿ, ಎಲ್ಲಾ ವರ್ಗಾವಣೆ ಆಗಿತ್ತು. ಬ್ಯಾಂಕಿನವರಾದರೂ ಒಂದು ತಿಂಗಳು ಮುಂಚೆ ಕಾಗದ ಕೊಡುತ್ತಾರೆ.

ಸತ್ಯವತಿ ಒಳ್ಳೆಯವಳು. ಬಾಗಿಲ ಹತ್ತಿರ ಚಪ್ಪಲಿ ಗೂಡಿನ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಳು. ಅಲ್ಲಿಂದ ಇಬ್ಬರ ತಲೆಗಳ ನಡುವೆ ಅರ್ಧ ಟೀವಿ ಕಾಣುತ್ತದೆ. ಗಂಡಿನ ಕಡೆಯವರು ಕಾಣುತ್ತಾರೆ, ಹೆಣ್ಣಿನ ಕಡೆಯವರು ಕೇಳಿಸುತ್ತಾರೆ.

ಈಗ ನನ್ನ ವಿದ್ಯೆಯೂ ಹೋಯಿತು. ಕನ್ನಡದಲ್ಲಿ ಆ ಗಂಡು ಇನ್ನೂ ಕೋರ್ಟಿಗೆ ಅಲೆಯುತ್ತಿದ್ದಾಗಲೇ, ನೋಡುವವರಿಲ್ಲ ಅಂತ ಧಾರಾವಾಹಿಯನ್ನು ಗಡಿಬಿಡಿಯಲ್ಲಿ ಮುಗಿಸಿಬಿಟ್ಟರು. ಬೆಂಚಿನ ಮೇಲೆ ಮೂರು ವಾರ ಕೂರಿಸಿದರೆ ಯಾರು ನೋಡುತ್ತಾರೆ, ನಾನು ಹೇಳಿರಲಿಲ್ಲವೇ? ತೆಲುಗಿನದು ತನ್ನದೇ ದಾರಿ ಹಿಡಿದು, ಮದುವೆ ಆದ ಮೇಲೆ ಬಹಳ ಚೆನ್ನಾಗಿ ಓಡುತ್ತಿದೆ. ಕನ್ನಡದ ಗುಂಪಿನಲ್ಲಿ ಯಾವುದು ನೋಡಬಹುದು ಅಂತ ಯಾರೋ ಕೇಳಿದರು. ಗುಂಡಿ ಒತ್ತಿಕೊಂಡು ಹೇಳಿದೆ, "ತೆಲುಗಿಂದು ನೋಡ್ರಮ್ಮ, ಅವ್ರು ಹೇಳಿದ್ ಮಾತು ಕೇಳ್ತಾರೆ."

ಟೀಚರಮ್ಮ 'ನೋಡಿದಿರಾ, ನಾನು ಹೇಳಿರಲಿಲ್ಲವೇ' ಅಂತ ಇವತ್ತಿನವರೆಗೂ ಒಂದು ಸಲವೂ ಅಂದಿಲ್ಲ. ಆ ಸೀರೆ ಬಂದ ಮೇಲೆ ವಾರಕ್ಕೆ ಎರಡು ದಿನ ಅದನ್ನು ಉಟ್ಟು ಬರುತ್ತಾರೆ, ಅಷ್ಟೇ.

ನಿನ್ನೆ ಸಂಜೆ ಸುಗುಣಳ ಅತ್ತೆ ಬೀರು ತೆಗೆದು, ಒಂದು ಹಳೆಯ ಕಾಗದ ಓದಿ, ಗೋಡೆ ಹಿಡಿದುಕೊಂಡಳು. ಅಲ್ಲಿಗೆ ನಿಲ್ಲಿಸಿದರು. ಮೊದಲಾಗಿದ್ದರೆ ಆ ಕಾಗದದ ಒಂದೊಂದು ಸಾಲೂ ನನಗೆ ಗೊತ್ತಿರುತ್ತಿತ್ತು. ರಾತ್ರಿ ಊಟ ಸೇರುವುದಿಲ್ಲ ಅನ್ನಿಸಿತು. ನಾಚಿಕೆ ಬಿಟ್ಟು, ಸ್ಟೂಲಿನಿಂದ ಬಗ್ಗಿ, ಟೀಚರಮ್ಮನ ರೇಷ್ಮೆ ಸೆರಗನ್ನು ಮೆಲ್ಲಗೆ ಎಳೆದೆ.

"ಟೀಚರಮ್ಮ, ಆ ಕಾಗದದಲ್ಲಿ ಏನಿರಬಹುದು?"

ಟೀಚರಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ನಮಗೇನು ಗೊತ್ತು ಮಾಮ್ಮಗಾರು? ದ್ವಾರಕಾ ನಗರಕ್ಕೆ ಹೋಗಿ, ಏನಿರಬೇಕು ಅಂತ ನೀವೇ ಹೇಳಿ ಬನ್ನಿ."

ಹನ್ನೊಂದು ಜನರೂ ನಕ್ಕರು. ನಾನೂ ನಕ್ಕೆ, ಇರುವ ಆರು ಹಲ್ಲೂ ಕಾಣುವ ಹಾಗೆ. ಮುಚ್ಚಿಡುವುದಕ್ಕೆ ಇನ್ನೇನಿದೆ? ಆಂಧ್ರದವರೆಲ್ಲ ಅವನ್ನು ಎಣಿಸಿ ಆಗಿದೆ.